ಹಣೆಯ ಬಿಸಿಲು, ಕಣ್ಣಿನ ನೆರಳು

ದೊಣ್ಣೆಯ ಮೊದಲ ಏಟು ಗಾಜಿನ ಬೀರುವಿಗೆ ಬಿತ್ತು. ಎರಡನೆಯದು ನೀಲಕಂಠಸ್ವಾಮಿಯ ಭುಜಕ್ಕೆ!

"ನನ್ ತಂಗಿ ಹಣೆ ಮ್ಯಾಗಿನ ಇಬೂತಿ ಒರೆಸಿಬುಟ್ಟೇನ್ಲಾ? ಇವತ್ತು ನಿನ್ನ ಉಳಿಸಾಕಿಲ್ಲ ಕಣ್ಲಾ!"

ಐವತ್ತಾರನೇ ಇಸವಿಯ ಬೇಸಗೆ. ಹುಣಸೂರಿನ ಪೇಟೆಬೀದಿಯಲ್ಲಿದ್ದ ನೀಲಕಂಠನ ಪುಟ್ಟ ಫೋಟೋ ಅಂಗಡಿಯೊಳಗೆ ನುಗ್ಗಿದ್ದವನು ರುದ್ರಸ್ವಾಮಿ, ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಗಾಡಿಯವನು. ಅವನ ಹಿಂದೆಯೇ ತಂಗಿ ಮಂಗಳಗೌರಿ ಓಡಿಬಂದು ಬಾಗಿಲು ಹಿಡಿದು ನಿಂತಳು.

ನೀಲಕಂಠ ತಲೆಗೆ ಕೈ ಅಡ್ಡ ಹಿಡಿದಿರಲಿಲ್ಲ. ಕ್ಯಾಮೆರಾವನ್ನು ಮಗುವಿನಂತೆ ತಬ್ಬಿಕೊಂಡು ಬೆನ್ನು ಕೊಟ್ಟು ನಿಂತಿದ್ದ. ಅಂಗಿ ಹರಿದು ರಕ್ತ ಜಿನುಗುತ್ತಿತ್ತು...

ಪಿರಿಯಾಪಟ್ಟಣದ ಗಂಡಿನ ಮನೆಗೆ ಕಳಿಸಲೆಂದು ಹೋದ ವಾರ ಅಂಗಡಿಯ ಹಿತ್ತಿಲಿನಲ್ಲಿ ಅವನೇ ಗೌರಿಯ ಫೋಟೋ ತೆಗೆದಿದ್ದ. ಅದು ಬೆಳಿಗ್ಗೆ ವಾಪಸು ಬಂದಿತ್ತು, ಒಂದು ಮಾತಿನ ಜೊತೆ: "ಇಬೂತಿ ಹಚ್ಚದ ಹೆಣ್ಣು ನಮ್ಮ ಮನೆಗೆ ಬ್ಯಾಡ."

ಫೋಟೋದಲ್ಲಿ ವಿಭೂತಿಯ ಗೆರೆಯೇ ಇಲ್ಲ, ಹಣೆ ಸುಣ್ಣ ಬಳಿದ ಗೋಡೆಯಂತೆ ಬರೀ ಬಿಳುಪು!

'ಪೂಜೆ ಮುಗಿಸಿ ಇಬೂತಿ ಧರಿಸಿಕೊಂಡೇ ಹೋಗಿದ್ದೆನಲ್ಲ! ಬೇಕೆಂದೇ ಅಳಿಸಿದರೇ? ಹಾಗಾದರೆ ಆವತ್ತು ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದು ಸುಳ್ಳೇ...?' ಗೌರಿಯ ಎದೆ ಉರಿಯುತ್ತಿತ್ತು.

ದೊಣ್ಣೆ ಮತ್ತೆ ಮೇಲೆದ್ದಿತು.

"ನಿಲ್ಸು ಅಣ್ಣಯ್ಯ! ಮೊದ್ಲು ನಾನು ಕೇಳ್ಬೇಕು!"

ನಡುವೆ ಬಿದ್ದ ಅವಳ ಮುಂಗೈಗೆ ಏಟು ತಗುಲಿತು. ಬಳೆ ಚೂರಾಗಿ ಚರ್ಮಕ್ಕೆ ನಾಟಿತು. ರುದ್ರಸ್ವಾಮಿ ಬೆಚ್ಚಿ ನಿಂತ.

"ಒಂದು ಫೋಟೋಕ್ಕೆ ಇಷ್ಟು ಏಟಾ ಸ್ವಾಮೇರಾ?" ಎದುರಿನ ಟೀ ಅಂಗಡಿಯ ಜವರಯ್ಯ ಬೀದಿಯಿಂದಲೇ ಕೂಗಿದ. "ನನ್ ಮೋರೆ ತೆಗೆದಿದ್ರೆ ಕೊಲೆನೇ ಆಯ್ತಿತ್ತಲ್ಲಪ್ಪೋ!"

"ಬಾಯ್ ಮುಚ್ಲಾ!"

ಗೌರಿ ನೀಲಕಂಠನ ಕಡೆ ತಿರುಗಿದಳು. "ಹೇಳಿ. ಬೇಕೂಂತ್ಲೇ ಅಳಿಸಿದ್ರಾ?"

"ಅಳಿಸ್ನಿಲ್ಲ ಕಣ್ರೀ... ಉಳಿಸ್ನಿಲ್ಲ."

"ಅಂಗಂದ್ರೆ?"

"ನೆತ್ತಿ ಮ್ಯಾಗಿನ ಬಿಸ್ಲು. ನಿಮ್ಮ ಹಣೆ ಧಗಧಗ ಅಂತಿತ್ತು, ಕಣ್ಣು ಹುಬ್ಬಿನ ನೆರಳಲ್ಲಿ ಮುಳುಗೋಗಿದ್ವು. ಕ್ಯಾಮ್ರಾ ಒಳಕ್ಕೆ ಬೆಳಕು ಕಮ್ಮಿ ಬುಟ್ರೆ ಇಬೂತಿ ಉಳೀತದೆ, ಕಣ್ಣಿರೋ ಜಾಗದಲ್ಲಿ ಎರಡು ಕರೀ ಗುಂಡಿ. ಜಾಸ್ತಿ ಬುಟ್ರೆ ಕಣ್ಣು ಬತ್ತವೆ, ಇಬೂತಿ ಬೆಳಕಲ್ಲಿ ಕರಗೋಯ್ತದೆ. ನಾನು... ಕಣ್ಣು ಉಳಿಸ್ಕೊಂಡೆ."

"ನೆರಳಿಗೆ ಬನ್ನಿ ಅನ್ಬೋದಿತ್ತಲ್ಲ?"

"ಅನ್ಬೋದಿತ್ತು. ತಪ್ಪು ನಂದೇ. ಅಷ್ಟೊತ್ಗೆ ನೀವು ತಲೆ ಎತ್ತಿ ನನ್ನ ನೋಡಿದ್ರಿ. ಇನ್ನೊಂದ್ಸಲ ನೋಡ್ತೀರೋ ಇಲ್ವೋ ಅಂತ..."

ಗೌರಿ ಮತ್ತೆ ತಲೆ ಎತ್ತಿ ಅವನನ್ನು ನೋಡಿದಳು.

"ಬಡ್ಡೀಮಗನೆ! ಬಿಸ್ಲು ಇಬೂತಿ ತಿಂತದೇನ್ಲಾ?" ರುದ್ರಸ್ವಾಮಿ ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ನೀಲಕಂಠನ ಕಣ್ಣುಗುಡ್ಡೆಗಳು ಮೇಲೆ ಸರಿದವು.

"ಅಣ್ಣಯ್ಯ! ಅದೇ ಬಿಸ್ಲಲ್ಲಿ ಇನ್ನೊಂದ್ಸಲ ತೆಗೀಲಿ. ಕಣ್ಣೂ ಬರ್ಬೇಕು, ಇಬೂತೀನೂ ಬರ್ಬೇಕು. ಬರ್ದಿದ್ರೆ ಆಮೇಲೆ ನೀನುಂಟು, ಅವರುಂಟು!"

ಹಿಡಿತ ನಿಧಾನಕ್ಕೆ ಸಡಿಲಿತು. "ಬರ್ದಿದ್ರೆ ಈ ಹಿತ್ಲಲ್ಲೇ ಹೂತಾಕ್ತೀನಿ."

ಹಿತ್ತಿಲಿನಲ್ಲಿ ಸೂರ್ಯ ಸುಡುತ್ತಿದ್ದ. ನೀಲಕಂಠ ಕೆಮ್ಮಿ ರಕ್ತ ಉಗಿದು, ಹಗ್ಗದ ಮೇಲಿದ್ದ ಬಿಳಿ ಪಂಚೆಯನ್ನು ರುದ್ರಸ್ವಾಮಿಗೇ ಕೊಟ್ಟ.

"ಅಣ್ಣಾವ್ರೇ, ಅವರ ಮುಂದೆ ಓರೆಯಾಗಿ ಅಗಲಿಸಿ ಹಿಡ್ಕಳಿ. ಬಿಸ್ಲು ಇದಕ್ಕೆ ಬಡ್ದು ಕಣ್ಣಿಗೆ ಹಾರ್ಬೇಕು."

ಹಲ್ಲು ಕಡಿಯುತ್ತಲೇ ಅವನು ಹಿಡಿದ. ಪಂಚೆಯ ಬೆಳಕು ಚಿಮ್ಮಿ ಗೌರಿಯ ಹುಬ್ಬಿನ ಕೆಳಗಿನ ಕತ್ತಲೆ ತಿಳಿಯಾಯಿತು. ಕಣ್ಣಿಗಾಗಿ ಹೆಚ್ಚು ಬೆಳಕು ಬಿಡುವ ಅಗತ್ಯ ಇನ್ನಿರಲಿಲ್ಲ. ನೀಲಕಂಠ ಕ್ಯಾಮೆರಾದೊಳಕ್ಕೆ ಕಡಿಮೆ ಬೆಳಕು ಬಿಟ್ಟು ಫೋಟೋ ತೆಗೆದ.

ಕತ್ತಲೆಕೋಣೆಯಲ್ಲಿ ಅವನು ಅದನ್ನು ತೊಳೆಯುವಷ್ಟು ಹೊತ್ತೂ ಬಾಗಿಲಲ್ಲಿ ದೊಣ್ಣೆ ಕಾಯುತ್ತಿತ್ತು. ಗೌರಿ ಕಣ್ಣು ಮುಚ್ಚಿಕೊಂಡಿದ್ದಳು. 'ಶಿವನೇ, ಕಾಪಾಡಪ್ಪ...'

ಒದ್ದೆ ಫೋಟೋ ಹೊರಗೆ ಬಂತು.

ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಅಚ್ಚೊತ್ತಿದಂತೆ!

ರುದ್ರಸ್ವಾಮಿ ಉಸಿರು ಬಿಟ್ಟ. ಆಮೇಲೆ ಅವನ ನೋಟ ಕೆಳಗಿಳಿದು ತಂಗಿಯ ಕಣ್ಣಲ್ಲಿ ನಿಂತಿತು.

"ಗೌರೀ... ಈ ಕಣ್ಣು ಯಾರ್ನ ನೋಡ್ತಾ ಅವೆ?"

ಅವಳು ತಲೆ ತಗ್ಗಿಸಿದಳು. "ಇದ್ನ ಪಿರಿಯಾಪಟ್ಣಕ್ಕೆ ಕಳಿಸ್ಬ್ಯಾಡ ಅಣ್ಣಯ್ಯ."

ದೊಣ್ಣೆಯ ಮೇಲಿನ ಬೆರಳುಗಳು ಬಿಗಿಯಾದವು. ಗೌರಿ ಸರಕ್ಕನೆ ನೀಲಕಂಠನ ಮುಂದೆ ಬಂದು ನಿಂತಳು, ರಕ್ತ ಒಣಗಿದ ಕೈ ಅಡ್ಡ ಚಾಚಿ. ತಾನೇ ಮಾಡಿದ ಆ ಗಾಯವನ್ನು ಅಣ್ಣ ಬಹಳ ಹೊತ್ತು ನೋಡಿದ. ಆಮೇಲೆ ದೊಣ್ಣೆಯನ್ನು ಬೀದಿಗೆ ಎಸೆದ.

"ಇವಳ ಕಣ್ಣಲ್ಲಿ ನೀರು ಬಂದ್ರೆ ನೀನೂ ಇರಾಕಿಲ್ಲ, ನಿನ್ ಕ್ಯಾಮ್ರಾನೂ ಇರಾಕಿಲ್ಲ. ತಿಳೀತಾ?"

"ತಿಳೀತು."

"ನಿಮ್ಮವ್ವನ್ನ ಮನೆಗೆ ಕಳಿಸು. ಮದ್ವೆ ಮಾತಾಡ್ತೀನಿ." ಅವನು ಹಿಂತಿರುಗಿ ನೋಡದೆ ಹೊರಟ.

ಗೌರಿ ಸೆರಗಿನ ಅಂಚಿನಿಂದ ನೀಲಕಂಠನ ತುಟಿಯ ರಕ್ತ ಒರೆಸಿದಳು.

"ಬಾಳ ನೋವಾ?"

"ಈಗ ಗೊತ್ತಾಯ್ತಾ ಅದೆ."

"ನಮ್ ಮದ್ವೇಲಿ ಫೋಟೋ ತೆಗೆಯೋರು ಯಾರ್ರೀ?"

"ನಾನೇ."

"ಅಂಗಾರೆ ಅದ್ರಲ್ಲಿ ನೀವು ಕಾಣಾಕಿಲ್ವಲ್ಲ!"

"ನೀವು ತಲೆ ಎತ್ತಿ ನೋಡಿ, ಸಾಕು. ನಾನೆಲ್ಲಿ ನಿಂತಿದ್ದೆ ಅಂತ ಎಲ್ಲರ್ಗೂ ತಿಳೀತದೆ."