ಗೋಡೆ ಆಡದ ಪಂದ್ಯ

ಅವನು ಬೂಟು ಬಿಚ್ಚಿ ಬಾಗಿಲ ಪಕ್ಕ ಇಟ್ಟು, ಕುಂಟುತ್ತ ಒಳಗೆ ಬಂದು, "ಅಮ್ಮ, ನೀರು ಕೊಡು" ಅಂದ.

ನೀರು ತಂದವಳು ಅಮ್ಮನಲ್ಲ.

ನಕ್ಷೆ ಬರೆದು ಕಟ್ಟಿದ ಊರು ಅದು. ಕಾರ್ಖಾನೆಯ ಸುತ್ತ ಒಂದೇ ಅಚ್ಚಿನ ಮನೆಗಳು, ಒಂದೇ ಬಣ್ಣದ ಬಾಗಿಲುಗಳು. ದಣಿದವರು ಒಂದು ಬೀದಿ ಮೊದಲೇ ತಿರುಗಿ ಬೇರೆಯವರ ಮನೆ ಹೊಗುವುದು ಅಲ್ಲಿ ಹೊಸದಲ್ಲ. ಆದರೆ ಅವನು ಹೊಕ್ಕಿದ್ದು ಫುಟ್‌ಬಾಲ್ ಕ್ಲಬ್ಬಿಗೆ ಹೊಸದಾಗಿ ಬಂದ ಫಿಸಿಯೋ ಮನೆ. ಮೊಣಕಾಲು ಚೆನ್ನಾಗಿದೆ ಎಂದು ಅವನು ದಿನವೂ ಸುಳ್ಳು ಹೇಳುತ್ತಿದ್ದದ್ದು ಅವಳಿಗೇ.

ಲೋಟ ಕೊಡುವಾಗ ಅವಳು ಮುಖ ನೋಡಲಿಲ್ಲ, ಕಾಲು ನೋಡಿದಳು.

"ಯಾವಾಗಿಂದ ಕುಂಟ್ತಾ ಇದೀರಿ?"

"ಮುಖ ನೋಡಿ ಕೇಳಿದ್ರೆ ಹೇಳ್ತೀನಿ."

ನೋಡಿದಳು. ಈಗ ಅವನೇ ಲೋಟದತ್ತ ಕಣ್ಣು ತಿರುಗಿಸಿದ.

ಊರು ಅವನನ್ನು ಗೋಡೆ ಎಂದು ಕರೆಯುತ್ತಿತ್ತು. ಕಾರ್ಖಾನೆಯಲ್ಲಿ ವೆಲ್ಡರ್, ಮೈದಾನದಲ್ಲಿ ಡಿಫೆಂಡರ್, ತಂಡಕ್ಕೆ ಕ್ಯಾಪ್ಟನ್. ಭಾನುವಾರ ಸೋತರೆ ಕ್ಲಬ್ ಕೆಳಗಿನ ಡಿವಿಷನ್ನಿಗೆ ಇಳಿಯುತ್ತಿತ್ತು. ಈ ಒಂದು ಪಂದ್ಯ ಆಡಿಬಿಡುತ್ತೇನೆ, ಆಮೇಲೆ ನೀವು ಹೇಳುವವರೆಗೂ ಮಂಚ ಇಳಿಯುವುದಿಲ್ಲ ಎಂದು ಬೇಡಿಕೊಂಡ. ಅವಳು ಬಗ್ಗಿ ಮೊಣಕಾಲು ಒತ್ತಿದಳು; ಅವನು ಹಲ್ಲು ಕಚ್ಚಿದ. ಅವಳ ಬೆರಳು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಅಲ್ಲಿ ನಿಂತಿತು. ಅದು ಇಬ್ಬರಿಗೂ ಗೊತ್ತಾಯಿತು.

"ಶುಕ್ರವಾರ ಹೇಳ್ತೀನಿ" ಅಂದಳು.

ಆ ಕ್ಲಬ್ಬಿನ ತಂಡವನ್ನು ಮುಚ್ಚಿದ ಕೋಣೆಯಲ್ಲಿ ಆರಿಸುವುದಿಲ್ಲ. ಶುಕ್ರವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಡೀ ಶಿಫ್ಟ್ ಊಟಕ್ಕೆ ಕೂತಿರುವಾಗ ಕೋಚ್ ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಫಿಸಿಯೋ ನಿಂತು ಆಡಬಹುದು ಎನ್ನಬೇಕು, ಇಲ್ಲವೇ ಆಗಲ್ಲ ಎನ್ನಬೇಕು. ಕ್ಯಾಪ್ಟನ್ ಸರದಿ ಬಂದಾಗ ತಟ್ಟೆಗಳ ಸದ್ದು ನಿಂತಿತು.

"ಆಗಲ್ಲ."

ಮೊನ್ನೆ ಬಂದವಳಿಗೆ ಊರಿನ ಮರ್ಯಾದೆ ಏನು ಗೊತ್ತು ಎಂದು ಒಬ್ಬರು ಗೊಣಗಿದರು. ಎದುರು ತಂಡದವರು ಕೈ ಬೆಚ್ಚಗೆ ಮಾಡಿರಬೇಕು ಎಂದು ಇನ್ನೊಬ್ಬರು. ಅವಳು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ಎದ್ದ. "ಅವರನ್ನ ಯಾಕೆ ಅಂತೀರಿ? ನನ್ನ ಕೈಲಿ ಆಗಲ್ಲ ಅಂತ ನಾನೇ ಹೇಳಿದ್ದು."

ಅವನು ಹಾಗೆ ಹೇಳಿಯೇ ಇರಲಿಲ್ಲ. ಅದು ಅವಳೊಬ್ಬಳಿಗೆ ಗೊತ್ತಿತ್ತು. ಗೋಡೆ ಹೆದರಿತು ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಂಡಿತು.

ಭಾನುವಾರ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತರು. ಬಾಲ್ ಇತ್ತ ಬಂದಾಗಲೆಲ್ಲ ಅವನ ಕಾಲು ತಾನಾಗಿ ಮಿಡುಕುತ್ತಿತ್ತು. ಅವಳು ಉಸಿರು ಹಿಡಿಯುತ್ತಿದ್ದಳು. ಆಟ ಮುಗಿಯುವ ಹೊತ್ತಿಗೆ ಎತ್ತರದ ಒಂದು ಕಾರ್ನರ್ ಕಿಕ್ ಬಂತು. ಅವನು ನಿಲ್ಲಬೇಕಿದ್ದ ಜಾಗದಿಂದ ಎದುರು ತಂಡದವನೊಬ್ಬ ಹಾರಿ ತಲೆ ಕೊಟ್ಟ; ಬಾಲ್ ಗೋಲಿನೊಳಗೆ ಹೋಯಿತು.

ಸೋತರು. ಜನ ಬೈದುಕೊಳ್ಳುತ್ತ ಗೇಟಿನ ಕಡೆ ನಡೆದರು.

"ನೀವಿದ್ದಿದ್ರೆ ಆ ಗೋಲ್ ಆಗ್ತಿರಲಿಲ್ಲ ಅಲ್ವಾ?" ಅವಳು ಮೈದಾನ ನೋಡುತ್ತಲೇ ಅಂದಳು.

"ಆಗ್ತಿರಲಿಲ್ಲ."

ಸಮಾಧಾನದ ಸುಳ್ಳೊಂದನ್ನು ಎದುರುನೋಡಿದ್ದವಳ ಕಣ್ಣು ತುಂಬಿತು. ಹಾಗಾದರೆ ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದಳು.

"ಇದೆ. ಅದು ಇಳಿಯೋವರೆಗೂ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ." ಅವಳ ಕಡೆ ತಿರುಗಿ ಹೇಳಿದ: "ಇಳಿದ ಮೇಲೂ ಎದ್ದು ಹೋಗೋ ಯೋಚನೆ ಇಲ್ಲ."

ಗೇಟಿನಲ್ಲಿ ನಿಂತವರು ಇತ್ತಲೇ ನೋಡುತ್ತಿದ್ದರು. ಅವಳು ಅವನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡು ಎಬ್ಬಿಸಿದಳು.

"ಭಾರ ಪೂರ್ತಿ ಬಿಡಿ," ಅಂದಳು. "ಅರ್ಧಂಬರ್ಧ ನಂಬೋರನ್ನ ಹಿಡಿದು ನಡೆಸೋದು ಕಷ್ಟ."