ಕುಂಕುಮ ಹಚ್ಚಿದ ಉಕ್ಕು

ಕೃಷ್ಣೆಯ ದಂಡೆಯ ಮುಳ್ಳೂರದಿನ್ನಿಯಲ್ಲಿ, ಹೊಸ ಸೇತುವೆಯ ಮೂರನೆಯ ಕಂಬದ ಬಳಿ, ಹಿಟ್ಟಿನ ಗಿರಣಿಯಷ್ಟು ದೊಡ್ಡದಾದ ಯಂತ್ರವೊಂದು ತೊಲೆಗೆ ಮುಖವಿಟ್ಟು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅದನ್ನು ರೂಪಿಸಿದ ನೀಲಗಂಗಾ ಹೂಗಾರ ಜನರನ್ನು ದೂರ ನಿಲ್ಲಿಸಿ, ತಾನೂ ಸಿಮೆಂಟಿನ ಗೋಡೆಯ ಮರೆಯಲ್ಲಿ ಕೂತಿದ್ದಳು. ಅವಳ ಗುರುಗಳ ಕಾಲದಲ್ಲಿ ಇಂಥ ಪರೀಕ್ಷೆಗೆ ಉಕ್ಕನ್ನೇ ಪರಮಾಣು ಸ್ಥಾವರಕ್ಕೆ ಹೊತ್ತೊಯ್ಯಬೇಕಿತ್ತು. ಈಗ ಯಂತ್ರ ಟ್ರ್ಯಾಕ್ಟರು ಹತ್ತಿ ಬರುತ್ತದೆ. ಅದರಿಂದ ಹೊರಟ ನ್ಯೂಟ್ರಾನ್ ಕಣಗಳು ಉಕ್ಕಿನ ಆಳಕ್ಕೆ ಇಳಿದು, ಸಾಲುಹಿಡಿದು ಕೂತ ಪರಮಾಣುಗಳಿಗೆ ತಾಗಿ ಓರೆಯಾಗಿ ಹೊರಬೀಳುತ್ತವೆ. ಆ ಓರೆಯನ್ನು ಅಳೆದರೆ ಸಾಲುಗಳ ನಡುವಿನ ಅಂತರ ತಿಳಿಯುತ್ತದೆ. ಎಳೆತಕ್ಕೆ ಸಿಕ್ಕ ಉಕ್ಕಿನಲ್ಲಿ ಸಾಲುಗಳು ದೂರ ಸರಿದಿರುತ್ತವೆ. ಬಿರುಕು ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಒಳಗಿನ ಬಿಗಿತ ಗೊತ್ತಾಗುತ್ತದೆ.

ಈ ಯಂತ್ರ ಬಂದಮೇಲೆ ಅದರ ಒಪ್ಪಿಗೆಯಿಲ್ಲದೆ ನಾಡಿನಲ್ಲಿ ರೈಲು ಹೊರಡುತ್ತಿರಲಿಲ್ಲ. ಬೀಗರು ದಿಬ್ಬಣದ ಬಸ್ಸು ಹತ್ತುವ ಮೊದಲು ಅದರ ಗಾಲಿಯ ಅಚ್ಚನ್ನು ಈ ಯಂತ್ರಕ್ಕೆ ತೋರಿಸಿದ್ದೀರಾ ಎಂದು ಕೇಳುವ ಕಾಲ ಅದು.

ಮರುದಿನ ಸೇತುವೆಯ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ತಲೆತಲಾಂತರದಿಂದ ಹರಿಗೋಲಿನಲ್ಲೇ ಹೊಳೆ ದಾಟಿದ ಊರು ಅದು. ಊರಿನ ಮುದುಕಿ ಶಾಂತವ್ವನ ಸೊಸೆ ಹೆರಿಗೆ ನೋವಿನಲ್ಲಿ ನಡುಹೊಳೆಯಲ್ಲೇ ತೀರಿಕೊಂಡಿದ್ದಳು. ಭೂಮಿಪೂಜೆಯ ದಿನ ಆ ಮುದುಕಿಯೇ, ಸೇತುವೆಯ ಉಕ್ಕಿನ ಜೊತೆ ಮಾದರಿಗೆಂದು ಬಂದ ದಪ್ಪ ಗಟ್ಟಿಗೆ ಕುಂಕುಮ ಹಚ್ಚಿ ಕೈಮುಗಿದಿದ್ದಳು.

ಯಂತ್ರದ ಪರದೆಯ ತುಂಬ ಹಸಿರು ಬಂತು, ಉಕ್ಕಿನಲ್ಲಿ ಬಿಗಿತವಿಲ್ಲ ಎಂಬ ಗುರುತು. ಮುಖ್ಯ ಎಂಜಿನಿಯರ್ ಶಾಂತವೀರ ಅಂಗಡಿಯವರ ಮುಖ ಅರಳಿತು.

“ಎಲ್ಲಾ ಹಸರ ಬಂದೈತಲ್ರೀ ಮೇಡಂ. ಇನ್ನ ಯಾಕ ಮಾರಿ ಸಣ್ಣ ಮಾಡೀರಿ?”

“ಹಸರ ಜಾಸ್ತಿ ಆತ್ರೀ, ಅದಕ್ಕ.”

ಆರುವಾಗ ಉಕ್ಕನ್ನು ಎಳೆಯುವ ಅಷ್ಟು ದಪ್ಪ ಬೆಸುಗೆಯ ಪಕ್ಕದಲ್ಲಿ ಉಕ್ಕು ಇಷ್ಟು ನೆಮ್ಮದಿಯಾಗಿ ಇರುವುದುಂಟೇ? ಯಂತ್ರಕ್ಕೆ ಗೊತ್ತಾಗುವುದು ಅಂತರ ಮಾತ್ರ. ಅದು ಹಿಗ್ಗಿದೆಯೋ ಇಲ್ಲವೋ ಎನ್ನಲು, ಅದೇ ಉಕ್ಕಿನ, ಯಾವ ಎಳೆತವೂ ಇಲ್ಲದ ತುಂಡೊಂದನ್ನು ಪಕ್ಕಕ್ಕಿಟ್ಟು ಹೋಲಿಸಬೇಕು. ನೀಲಗಂಗಾ ಮಾದರಿಯ ಪೆಟ್ಟಿಗೆ ತೆರೆಸಿದಳು. ಗಟ್ಟಿ ಇಡಿಯಾಗಿಯೇ ಇತ್ತು. ಕಾರ್ಖಾನೆಯ ಬಿಸಿಯಲ್ಲಿ ಹುಟ್ಟಿದ ಬಿಗಿತ ಬಿಡಬೇಕಾದರೆ ಅದನ್ನು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಸಣ್ಣಗೆ ಸೀಳಬೇಕಿತ್ತು. ಪೂಜೆಯಾದದ್ದಕ್ಕೆ ಗರಗಸ ಇಡಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಅಂಗಡಿಯವರ ಕೆಲಸಗಾರರು ಇಡೀ ಗಟ್ಟಿಯ ಅಳತೆಯನ್ನೇ ಯಂತ್ರಕ್ಕೆ ಕೊಟ್ಟು, ಬಿಗಿದದ್ದನ್ನು ಬಿಗಿದದ್ದರ ಜೊತೆ ತೂಗಿ ಎಲ್ಲ ಸರಿ ಎಂದುಕೊಂಡಿದ್ದರು.

ಅವಳು ಗರಗಸ ಕೇಳಿದಳು. ಶುಭಕಾರ್ಯದ ಹಿಂದಿನ ದಿನ ಇದೆಂಥ ಅಪಶಕುನ ಎಂದು ಜನ ಗುಂಪುಗೂಡಿದರು. ಸೇತುವೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ನಿಮ್ಮ ಯಂತ್ರದ ಪರವಾನಗಿಯನ್ನೇ ತೆಗೆಸುತ್ತೇನೆ ಎಂದರು ಅಂಗಡಿ. ಶಾಂತವ್ವ ಪೆಟ್ಟಿಗೆಗೆ ಅಡ್ಡ ನಿಂತಳು.

ನೀಲಗಂಗಾ ಹೂ ಕಟ್ಟುವವರ ಮನೆಯವಳು. ಬೆಳಗಿನ ಪೂಜೆ ಮುಗಿಸದೆ ಯಂತ್ರ ಮುಟ್ಟುವವಳಲ್ಲ. ಗಟ್ಟಿಯನ್ನು ಕಣ್ಣಿಗೊತ್ತಿಕೊಂಡಳು.

“ಯವ್ವಾ, ದೇವರಿಗೆ ನಿನ್ನ ಕುಂಕುಮ ಮುಟ್ಟೇತಿ. ಅವಗ ಅಳತಿ ಬ್ಯಾಡ. ಅಳತಿ ಬೇಕಾಗಿದ್ದು ಹೊಳಿ ದಾಟೋ ನಮಗ.” ಆಮೇಲೆ ಎಂಜಿನಿಯರರತ್ತ ತಿರುಗಿದಳು. “ಪರವಾನಗಿ ತಗಸ್ರಿ. ಸಹಿ ಮಾತ್ರ ಸಿಗಂಗಿಲ್ಲ.”

ಮುದುಕಿ ಪಕ್ಕಕ್ಕೆ ಸರಿದಳು. ಗರಗಸ ಕುಂಕುಮದ ನಡುವೆಯೇ ಇಳಿಯಿತು.

ಸೀಳಿದ ಕಡ್ಡಿಗಳಲ್ಲಿ ಸಾಲುಗಳು ಹತ್ತಿರಕ್ಕೆ ಬಂದು ಕೂತಿದ್ದವು. ಆ ಅಳತೆ ಕೊಟ್ಟು ಮತ್ತೆ ನೋಡಿದಾಗ ಕಂಬದ ಮೇಲಿನ ಬೆಸುಗೆಯುದ್ದಕ್ಕೂ ಪರದೆ ಕೆಂಪಾಯಿತು. ಬೆಸುಗೆಯನ್ನು ಹದವಾಗಿ ಕಾಯಿಸಿ, ಮೆಲ್ಲಗೆ ಆರಿಸಿ ಬಿಗಿತ ಬಿಡಿಸಬೇಕು. ಅಲ್ಲಿಯವರೆಗೆ ಗಾಡಿ ಹಾಯುವಂತಿಲ್ಲ ಎಂದಳು. ಮಂತ್ರಿಗಳ ಒಂದು ಕಾರಿಗೆ ಸೇತುವೆ ಬೀಳುವುದಿಲ್ಲ, ಹೋಗಿಬರಲಿ ಎಂದು ಅಂಗಡಿ ಪಟ್ಟು ಹಿಡಿದರು.

ಶಾಂತವ್ವ ಸೇತುವೆಯ ಬಾಯಿಗೆ ನಡೆದು, ದಾರಿಗಡ್ಡ ಕಂಬಳಿ ಹಾಸಿ ಕೂತಳು. ನಾಳೆ ಒಂದು ಕಾರು ಹೋದರೆ ನಾಡಿದ್ದು ಕಬ್ಬಿನ ಲಾರಿ ಬರುತ್ತದೆ, ಮೊದಲು ನನ್ನ ಮೇಲೆ ಹಾಯಿಸಿ ಎಂದಳು. ಬೈಯುತ್ತಿದ್ದ ಹೆಂಗಸರೇ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಅಂಗಡಿ ಫೋನು ಹಿಡಿದು ದೂರ ಹೋದರು.

ನೀಲಗಂಗಾ ಹತ್ತಿರ ಬಂದಾಗ ಮುದುಕಿ ಅವಳ ಮುಖವನ್ನೇ ನೋಡುತ್ತ ಕೇಳಿದಳು:

“ನನ್ನ ಸೊಸಿ ದಣದೀನಿ ಅಂದಾಗೆಲ್ಲಾ ನಾ ಹೇಳತಿದ್ದೆ, ನಾನೂ ಇಷ್ಟ ಹೊತ್ತೀನಿ, ನಮ್ಮವ್ವನೂ ಇಷ್ಟ ಹೊತ್ತಾಳ ಅಂತ. ಏನೂ ಹೊರದ ಹೆಣಮಗಳನ್ನ ನೀ ಎಲ್ಲೆರ ಕಂಡೀಯೇನ, ತಂಗಿ? ನನ್ನ ಸೊಸಿನ್ನ ಆಕಿ ಜೋಡಿ ಇಟ್ಟ ನೋಡಬೇಕಿತ್ತು.”

ನೀಲಗಂಗಾ ಅಂಥವಳನ್ನು ಕಂಡಿರಲಿಲ್ಲ. ಕಂಬಳಿಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂತಳು.