ಗೋಡೆಯಾಚೆಯ ಇತಿಹಾಸ ಪಾಠ

"ನಿಲ್ಲಿಸ್ರೀ! ಇದೇನು ಸ್ಕೂಲಾ, ನಾಟಕದ ಕಂಪನಿನಾ?"

ಬಾಗಿಲಲ್ಲಿ ನಿಂತು ರತ್ನ ಟೀಚರ್ ಕೂಗಿದ ರಭಸಕ್ಕೆ ಇಡೀ ಕ್ಲಾಸು ಗಪ್‌ಚಿಪ್!

ಬೆಂಚುಗಳೆಲ್ಲ ಗೋಡೆಗೆ ಸರಿದಿದ್ದವು. ನಡುವೆ ತಾಹಿರಾ ಎಂಬ ಹುಡುಗಿ, ಜಡೆಯೊಳಗೆ ರೇಷ್ಮೆಗೂಡು ಬಚ್ಚಿಟ್ಟುಕೊಂಡು ನಿಂತಿದ್ದಳು. ಎದುರಿಗೆ ಕೋಲು ಹಿಡಿದ ಕಾವಲುಗಾರ... ಸ್ವತಃ ಇತಿಹಾಸದ ಮೇಷ್ಟ್ರು ಚೆನ್ನರಾಯಪ್ಪ!

"ಒಳ್ಳೇ ಹೊತ್ತಿಗೆ ಬಂದ್ರಿ ಟೀಚರ್! ಇವಳು ಚೀನಾ ರಾಜಕುಮಾರಿ. ಪರದೇಶಕ್ಕೆ ಮದುವೆಯಾಗಿ ಹೊರಟಿದ್ದಾಳೆ. ರೇಷ್ಮೆ ಗುಟ್ಟು ಗಡಿ ದಾಟಿದ್ರೆ ತಲೆ ಹೋಗತ್ತೆ. ಜಡೆ ತಪಾಸಣೆ ನೀವೇ ಮಾಡ್ತೀರಾ?"

ಮಕ್ಕಳು ಕಿಸಕ್ಕನೆ ನಕ್ಕರು. ಪಕ್ಕದ ಕ್ಲಾಸಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ರತ್ನಳ ಮುಖ ಕೆಂಪಾಯಿತು. ನೇರ ಹೆಡ್‌ಮಾಸ್ಟರರ ಕೋಣೆಗೆ ಹೋಗಿ ದೂರು ಕೊಟ್ಟೇಬಿಟ್ಟಳು.

ಅದು ಸಾವಿರದೊಂಬೈನೂರ ಐವತ್ತೆಂಟರ ಶಿಡ್ಲಘಟ್ಟ. ಬೀದಿ ತುಂಬ ಗೂಡು ಬೇಯಿಸುವ ವಾಸನೆ, ಮನೆಮನೆಯಲ್ಲೂ ನೂಲು ತೆಗೆಯುವ ಚರಕದ ಸದ್ದು...

ರತ್ನ ದಸರಾ ರಜೆ ಮುಗಿಸಿ ಬಂದರೆ ಚೆನ್ನರಾಯಪ್ಪನಿಲ್ಲ. ಚಿಂತಾಮಣಿಗೆ ವರ್ಗವಂತೆ!

'ಅಯ್ಯೋ... ನನ್ನಿಂದಲೇ!'

ಇತಿಹಾಸದ ಕ್ಲಾಸು ರತ್ನಳ ಪಾಲಿಗೆ ಬಂತು. ಅವಳು ಇಸವಿ ಬರೆಸಿದಳು, ಮಕ್ಕಳು ಆಕಳಿಸಿದರು. ಒಂದು ದಿನ ತಾಹಿರಾ ಎದ್ದು ನಿಂತಳು.

"ಟೀಚರ್, ರಾಜಕುಮಾರಿ ತಪ್ಪಿಸ್ಕೊಂಡ್ಲಾ? ಮೇಷ್ಟ್ರು ಹೇಳಲೇ ಇಲ್ಲ. ಚರಕ ತಿರುಗಿಸ್ತಾ ನಮ್ಮ ಅಬ್ಬಾನೂ ದಿನಾ ಕೇಳ್ತಾವ್ರೆ!"

ರತ್ನಳಿಗೆ ಗೊತ್ತಿರಲಿಲ್ಲ. ಗೋಡೆಯಾಚೆಯಿಂದ ಮೇಷ್ಟ್ರ ದನಿ ಕೇಳಿಬರದಿದ್ದದ್ದು ಅವತ್ತು ಅವಳ ಎದೆಗೆ ಚುಚ್ಚಿತು.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟಿದ್ದೇ ಚಿಂತಾಮಣಿಯ ಚಿಕ್ಕ ರೈಲು ಹತ್ತಿದಳು.

ಅಲ್ಲಿನ ಸ್ಕೂಲಿನ ಹುಣಸೇಮರದಡಿ ಚೆನ್ನರಾಯಪ್ಪನೊಬ್ಬನೇ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ನನ್ನ ದೂರಿನಿಂದ ನಿಮಗೆ ಹೀಗಾಯ್ತು..." ಅವಳೆಂದಳು.

"ಯಾರು ಹೇಳಿದ್ದು? ವರ್ಗ ನಾನೇ ಕೇಳಿ ಹಾಕಿಸ್ಕೊಂಡೆ."

"ಯಾಕೆ?"

ಅವನು ತಲೆ ತಗ್ಗಿಸಿದ. "ಗೋಡೆ ಆಚೆ ನಿಮಗೆ ಕೇಳಿಸ್ಲಿ ಅಂತಾನೇ ಅಷ್ಟು ಜೋರಾಗಿ ಪಾಠ ಮಾಡ್ತಿದ್ದೆ. ನಿಮಗದು ಬರೀ ಗಲಾಟೆ ಅಂತ ಗೊತ್ತಾದ್ಮೇಲೆ... ಅಲ್ಲಿರಕ್ಕೆ ಮನಸ್ಸಾಗ್ಲಿಲ್ಲ."

"ಗಲಾಟೆನಾ?" ಅವಳ ಕಣ್ಣು ತುಂಬಿತು. "ನೀವು ರೋಮ್ ಪಟ್ಟಣಕ್ಕೆ ಬೆಂಕಿ ಬಿದ್ದಿದ್ದು ಹೇಳಿದ ದಿನ, ಬೋರ್ಡಿನ ಲೆಕ್ಕ ಅರ್ಧಕ್ಕೇ ಬಿಟ್ಟು ನಿಂತುಬಿಟ್ಟಿದ್ದೆ. ಪಾಠ ನನ್ನದು, ಕಿವಿ ಮಾತ್ರ ನಿಮ್ಮ ಕಡೆ! ನನ್ನ ಮೇಲಿನ ಸಿಟ್ಟನ್ನ ನಿಮ್ಮ ಮೇಲೆ ತೀರಿಸ್ಕೊಂಡೆ..."

ಅವನು ತಲೆಯೆತ್ತಿ ಅವಳನ್ನೇ ನೋಡಿದ.

"ಸೋಮವಾರ ಮಕ್ಕಳಿಗೆ ಏನು ಹೇಳ್ಲಿ?" ಕಣ್ಣೊರೆಸಿಕೊಂಡು ಕೇಳಿದಳು.

"ಗಡಿ ದಾಟಿದ್ಲು ಅಂತ ಹೇಳಿ. ರಾಜಕುಮಾರಿ ತಲೆ ಮುಟ್ಟಕ್ಕೆ ಯಾವ ಕಾವಲಿನವನಿಗೆ ಧೈರ್ಯ? ಹೋದ ಊರಲ್ಲೂ ರೇಷ್ಮೆ ಬೆಳೆಸಿದ್ಲಂತೆ."

ರತ್ನ ನಕ್ಕಳು. ಹೊರಡುವಾಗ ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಅಂದಳು:

"ನಮ್ಮಪ್ಪ ಗೌರಿಬಿದನೂರಲ್ಲಿದ್ದಾರೆ. ಆವುಲಪ್ಪ ಅಂತ. ಹೋಗಿ ಕೇಳಿ."

"ಏನಂತ ಕೇಳ್ಲಿ?"

"ರೋಮು, ಚೀನಾ ಅಂತ ಗಂಟೆಗಟ್ಲೆ ಮಾತಾಡ್ತೀರ! ಇದೊಂದು ಮಾತು ನಾನು ಹೇಳ್ಕೊಡಬೇಕಾ?"

"ಬೇಡ ರತ್ನಾ..." ಅವನು ಹತ್ತಿರ ಬಂದ. "ಮೊದಲು ನಿನ್ನನ್ನೇ ಕೇಳ್ತೀನಿ. ಮೆಲ್ಲಗೆ..."